ಪುಕ್ಕಟೆ ದಾರಿ ಹೇಳುವ ಯಂತ್ರ

ನಮ್ಮ ಭಾವ, ಅಂದರೆ ನನ್ನ ದೊಡ್ಡಕ್ಕನ ಗಂಡ, ಜೀವಮಾನವೆಲ್ಲ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದವರು. ಹೇಳದೆ ಕೇಳದೆ ಅಂಗಡಿಗೆ ನುಗ್ಗುವುದು, ಚರ್ಮದ ಪೆಟ್ಟಿಗೆ ತೆರೆದು ಹಿತ್ತಾಳೆಯ ಮಾದರಿ ತೂಕದ ಬೊಟ್ಟುಗಳನ್ನು ಸಾಲಾಗಿ ಜೋಡಿಸುವುದು, ಅಂಗಡಿಯವನ ತಕ್ಕಡಿ ಎಷ್ಟು ಸುಳ್ಳು ಹೇಳುತ್ತದೆ ಎಂದು ನೋಡುವುದು, ಇದು ಅವರ ಉದ್ಯೋಗ. ಸರಿಯಿದ್ದ ತಕ್ಕಡಿಗೆ ಸೀಸದ ಮುದ್ರೆ ಒತ್ತುತ್ತಿದ್ದರು. ಹಾಗೆ ಒತ್ತುವಾಗ ಅವರ ಮುಖ ನೋಡಬೇಕು. ಏನೋ ಕೈತಪ್ಪಿ ಹೋಯಿತಲ್ಲ ಎಂಬ ಕಳೆ.

ಅನುಮಾನ ಅವರಿಗೆ ಸಂಬಳದ ಜೊತೆಗೆ ಬಂದದ್ದು. ನಿವೃತ್ತಿಯಾದ ದಿನ ಇಲಾಖೆಯವರು ಪೆಟ್ಟಿಗೆಯನ್ನೂ ಬೊಟ್ಟುಗಳನ್ನೂ ವಾಪಸು ತೆಗೆದುಕೊಂಡರು. ಅನುಮಾನವನ್ನು ವಾಪಸು ಕೇಳಲು ಮರೆತರು. ಅದು ಭಾವನ ಜೊತೆ ಮನೆಗೆ ಬಂತು, ನಡುಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿತು. ಬೇಕರಿಯಿಂದ ಬಂದ ಬ್ರೆಡ್ಡು ತೂಗಿದ ಮೇಲೇ ಅಡುಗೆಮನೆಗೆ ಹೋಗಬೇಕು. ಬೆಂಕಿಪೊಟ್ಟಣದ ಕಡ್ಡಿ ಎಣಿಸಿಯೇ ಒಲೆಯ ಹತ್ತಿರ ಇಡಬೇಕು. ಒಮ್ಮೆ ಜ್ವರ ಬಂದು ಆಸ್ಪತ್ರೆಗೆ ಹೋದಾಗ, ನರ್ಸಮ್ಮ ಇವರನ್ನು ತೂಗುವ ಯಂತ್ರದ ಮೇಲೆ ನಿಲ್ಲಿಸಿದರೆ, ಇವರು ಅಲ್ಲಿಯೇ ಬಗ್ಗಿ ಯಂತ್ರದ ಹಿಂಭಾಗದಲ್ಲಿ ಮುದ್ರೆ ಹುಡುಕಿದರಂತೆ. ಜ್ವರ ನೂರಮೂರು ಇತ್ತು. ಆ ಥರ್ಮಾಮೀಟರನ್ನೂ ಅವರು ಒಪ್ಪಿರಲಿಲ್ಲ ಅನ್ನುವುದು ಬೇರೆ ಮಾತು.

ಇಂಥ ನೌಕರಿಗೆ ಒಂದು ಶಾಪವಿದೆ. ಊರಿನಲ್ಲಿ ಎಲ್ಲಿ ಟೀ ಕುಡಿದರೂ ಅದು ಲಂಚವಾಗಿಬಿಡಬಹುದು. ಹಾಗಾಗಿ ಭಾವ ಯಾರ ಅಂಗಡಿಯಲ್ಲೂ ಟೀ ಕುಡಿಯಲಿಲ್ಲ, ಯಾರ ಮದುವೆಯಲ್ಲೂ ಊಟಕ್ಕೆ ಕೂರಲಿಲ್ಲ, ಯಾರ ಹೆಗಲ ಮೇಲೂ ಕೈ ಹಾಕಲಿಲ್ಲ. ನಿವೃತ್ತಿಯಾದ ಮೇಲೆ ತಿರುಗಿ ನೋಡಿದರೆ ಊರ ತುಂಬ ನಮಸ್ಕಾರ ಮಾಡುವವರಿದ್ದರು, ಜೊತೆಗೆ ಕೂರುವವರು ಒಬ್ಬರೂ ಇರಲಿಲ್ಲ. ಇದ್ದದ್ದು ಅಕ್ಕ ಒಬ್ಬಳೇ.

ಅದಕ್ಕೇ ದೋಣಿ ಬಂದದ್ದು. ನಮ್ಮೂರಿನ ಅಂಚಿಗೆ ದೊಡ್ಡ ಸರೋವರವಿದೆ. ಆಚೆ ದಡ ಕಾಣಬೇಕಾದರೆ ಆಕಾಶ ತೊಳೆದಿಟ್ಟ ಹಾಗಿರಬೇಕು. ಇವರು ಯಾರಿಂದಲೋ ಸಣ್ಣ ಎಂಜಿನ್ನಿನ ಹಳೆಯ ದೋಣಿಯೊಂದನ್ನು ಕೊಂಡು, ತೇಪೆ ಹಾಕಿ, ನೀಲಿ ಬಣ್ಣ ಬಳಿದು ದೋಣಿ ನಿಲ್ಲಿಸುವ ಹಲಗೆ ಕಟ್ಟೆಗೆ ಕಟ್ಟಿದರು. ಯಾಕೆ ಭಾವ ಈ ವಯಸ್ಸಿನಲ್ಲಿ ಎಂದು ಕೇಳಿದ್ದಕ್ಕೆ, ನೀರಿನ ಮೇಲೆ ಅಂಗಡಿ ಇಲ್ಲ ಎಂದರು. ಭಾನುವಾರ ಬೆಳಗ್ಗೆ ಅಕ್ಕ ಫ್ಲಾಸ್ಕು ಮತ್ತು ಹೆಣಿಗೆಯ ಚೀಲ ಹಿಡಿದು ನಡುವೆ ಕೂರುತ್ತಿದ್ದಳು, ಇವರು ಹಿಂದೆ ಚುಕ್ಕಾಣಿ ಹಿಡಿಯುತ್ತಿದ್ದರು. ದಡದಲ್ಲಿ ದಿನಕ್ಕೆ ನಾಲ್ಕು ಮಾತಾಡುವ ಮನುಷ್ಯ ನೀರಿಗಿಳಿದರೆ ಕಥೆ ಹೇಳುತ್ತಾರೆ, ನಗುತ್ತಾರೆ, ಒಮ್ಮೆ ಹಾಡಿಯೂಬಿಟ್ಟರು ಎಂದು ಅಕ್ಕ ನನಗೆ ಹೇಳಿದ್ದಳು. ಹೇಗಿತ್ತೇ ಹಾಡು ಎಂದೆ. ಶ್ರುತಿ ಸ್ವಲ್ಪ ಕಡಿಮೆ ತೂಗ್ತು ಎಂದಳು. ಆದರೆ ಹೇಳುವಾಗ ಅವಳ ಮುಖ ಅರಳಿತ್ತು.

ಹೀಗಿರುವಾಗ ಮಂಜಿನ ಪ್ರಸಂಗ ನಡೆಯಿತು.

ಒಂದು ಬೆಳಗ್ಗೆ ಸರೋವರದ ನಡುವಿನ ನಡುಗಡ್ಡೆಯನ್ನು ದಾಟಿದ್ದರು. ಹಿಟ್ಟಿನ ಮೂಟೆ ಒಡೆದ ಹಾಗೆ ಮಂಜು ಕವಿಯಿತು. ಭಾವನ ಜೇಬಿನಲ್ಲಿ ಮೊಬೈಲಿತ್ತು, ಆದರೆ ಅದರಲ್ಲಿ ಜಾಗ ತೋರಿಸುವ ಗುಂಡಿಯನ್ನು ಅವರು ಕೊಂಡ ದಿನವೇ ಆರಿಸಿದ್ದರು. ನಾನೆಲ್ಲಿದ್ದೇನೆ ಅಂತ ಅವರಿಗ್ಯಾಕೆ ಎಂಬುದು ಅವರ ವಾದ. ‘ಅವರು’ ಯಾರು ಎಂದು ನಾವ್ಯಾರೂ ಕೇಳಿರಲಿಲ್ಲ. ಈಗ ಗುಂಡಿ ಹಾಕಿದರೆ ಸಿಗ್ನಲ್ ಇಲ್ಲ, ನಕ್ಷೆಯ ಬದಲು ಖಾಲಿ ಚೌಕ. ಅಷ್ಟರಲ್ಲಿ ಮೀನು ಹಿಡಿಯುವವನೊಬ್ಬನ ದೋಣಿ ಪಕ್ಕದಲ್ಲೇ ಹಾಯ್ದು ಹೋಯಿತು. ಅವನು ಕೇಳದೆಯೇ, ಬಲಕ್ಕೆ ಹಿಡೀರಿ, ಕಟ್ಟೆ ಬಲಕ್ಕಿದೆ ಎಂದು ಕೂಗಿ ಮಂಜಿನಲ್ಲಿ ಮರೆಯಾದ. ಭಾವ ಎಡಕ್ಕೆ ಹಿಡಿದರು. ಕೇಳದೆ ಸಲಹೆ ಕೊಡುವವನಿಗೆ ಏನೋ ಲಾಭ ಇರಲೇಬೇಕು. ಎಡಕ್ಕೆ ಅವನ ಬಲೆ ಇರಬಹುದು ಅಥವಾ ಒಳ್ಳೆಯ ಮೀನಿರಬಹುದು. ಎಡಕ್ಕೆ ಇದ್ದದ್ದು ಜೊಂಡು. ಎಂಜಿನ್ನಿನ ರೆಕ್ಕೆಗೆ ಅದು ಜಡೆ ಹಾಕಿದ ಹಾಗೆ ಸುತ್ತಿಕೊಂಡಿತು. ಮಧ್ಯಾಹ್ನದವರೆಗೂ ಇಬ್ಬರೂ ಜೊಂಡಿನಲ್ಲಿ ಕೂತಿದ್ದರು, ಅಕ್ಕನ ಕಾಲು ತೇಪೆಯಿಂದ ಒಸರಿದ ನೀರಿನಲ್ಲಿ.

ಮನೆಗೆ ಬಂದು ಒಣ ಬಟ್ಟೆ ಉಟ್ಟ ಮೇಲೆ ಅಕ್ಕ ಜಗಳವಾಡಲಿಲ್ಲ. ಜಗಳವಾಡಿದ್ದರೆ ಭಾವನಿಗೆ ಸುಲಭವಿತ್ತು. ಅವಳು ಟವೆಲಿನಿಂದ ತಲೆ ಒರೆಸಿಕೊಳ್ಳುತ್ತ ಇಷ್ಟೇ ಹೇಳಿದಳು: “ಆ ದೋಣಿಯಲ್ಲಿ ದಾರಿ ಹೇಳೋ ಸಾಮಾನು ಒಂದಿರ್ಬೇಕು. ಇದ್ರೆ ಸಾಲದು, ಅದು ಹೇಳಿದ ಹಾಗೆ ನೀವು ಕೇಳ್ಬೇಕು. ಅಲ್ಲೀವರೆಗೂ ನಾನು ಹತ್ತಲ್ಲ. ಕಟ್ಟೇಲಿ ದೋಣಿ ಕಟ್ಟೋ ಪರವಾನಗಿ ಮುಗಿಯೋ ಹೊತ್ತಿಗೂ ಆಗ್ಲಿಲ್ಲ ಅಂದ್ರೆ ಅದನ್ನ ಹಲ್ಲಿನ ಡಾಕ್ಟ್ರಿಗೆ ಕೊಟ್ಬಿಡಿ.”

ಹಲ್ಲಿನ ಡಾಕ್ಟರು ಮೊದಲಿನಿಂದಲೂ ಆ ದೋಣಿಯ ಮೇಲೆ ಕಣ್ಣಿಟ್ಟವರು. ಭಾವನ ಹಲ್ಲು ನೋಡುವಾಗಲೂ, ಬಾಯಿ ತೆರೆಸಿ ಮಾತಾಡಲಾಗದ ಸ್ಥಿತಿಯಲ್ಲಿಟ್ಟು, ದೋಣಿ ಮಾರ್ತೀರಾ ಎಂದು ಕೇಳುತ್ತಿದ್ದರು.

ಮುಂದಿನ ಭಾನುವಾರ ಭಾವ ಒಬ್ಬರೇ ಹೋದರು. ಎಂಜಿನ್ನು ಹಚ್ಚಿದರು, ನೂರು ಗಜ ಹೋದರು, ತಿರುಗಿ ಬಂದರು. ನಾನು ಕಟ್ಟೆಯ ಮೇಲಿದ್ದೆ. ಏನು ಭಾವ ಇಷ್ಟು ಬೇಗ ಎಂದರೆ, ದೋಣಿ ಯಾಕೋ ಒಂದು ಕಡೆ ವಾಲುತ್ತಿದೆ ಎಂದರು. ದೋಣಿ ನೆಟ್ಟಗೇ ಇತ್ತು. ನಡುವಿನ ಹಲಗೆಯ ಮೇಲೆ ಯಾರೂ ಇರಲಿಲ್ಲ, ಅಷ್ಟೇ.

ಹೀಗೆ ನಮ್ಮ ಭಾವ ಕೈಯಲ್ಲಿ ಹಿಡಿಯುವ ಜಿಪಿಎಸ್ ಕೊಳ್ಳಲು ಹೊರಟರು. ಹೆಚ್ಚು ಬೆಲೆಯದು ಬೇಡ ಎಂಬುದು ಮೊದಲೇ ನಿರ್ಧಾರವಾಗಿತ್ತು, ಯಾಕೆಂದರೆ ಹೆಚ್ಚು ಬೆಲೆ ಎಂದರೆ ಮೋಸ. ಕಡಿಮೆ ಬೆಲೆಯದರ ಮೇಲೂ ನಂಬಿಕೆಯಿರಲಿಲ್ಲ, ಯಾಕೆಂದರೆ ಕಡಿಮೆ ಬೆಲೆ ಎಂದರೆ ಅದರೊಳಗೇ ಎಲ್ಲೋ ಮೋಸ. ಇವೆರಡರ ನಡುವೆ ಸೂಜಿಯ ಕಣ್ಣಿನಷ್ಟು ಜಾಗ ಉಳಿಯಿತು. ನನ್ನನ್ನೂ ಎಳೆದುಕೊಂಡು ಅವರು ಅದರೊಳಗೆ ತೂರಲು ನೋಡಿದರು.

ದೋಣಿ ಸಾಮಾನಿನ ಅಂಗಡಿ ಬಂದರು ಬೀದಿಯ ಮೂಲೆಯಲ್ಲಿದೆ. ಹಗ್ಗದ ಸುರುಳಿಗಳು, ಕಿತ್ತಳೆ ಬಣ್ಣದ ತೇಲುಡುಪುಗಳು, ಡಾಂಬರಿನ ವಾಸನೆ. ಹಗ್ಗವನ್ನು ಗಜದ ಲೆಕ್ಕದಲ್ಲಿ ಮಾರುವ ಈ ಅಂಗಡಿಯವರ ಗಜಕೋಲನ್ನು ಭಾವ ಹಿಂದೊಮ್ಮೆ ಮುಟ್ಟುಗೋಲು ಹಾಕಿಕೊಂಡಿದ್ದರು. ನಮ್ಮನ್ನು ಕಂಡ ಕೂಡಲೇ ಅವರು ಎದ್ದು ನಿಂತು, ಗೋಡೆಗೆ ಒರಗಿಸಿದ್ದ ಗಜಕೋಲನ್ನು ಕಾಲಿನಿಂದ ಮೇಜಿನ ಕೆಳಕ್ಕೆ ತಳ್ಳಿದರು. ಭಾವ ನೋಡಿದರು. ನೋಡಲಿಲ್ಲ ಎಂಬಂತೆ ನೋಡಿದರು.

ವಿಚಾರಣೆ ಶುರುವಾಯಿತು. ದಾರಿ ಹೇಳುವವರು ಯಾರು? ಆಕಾಶದ ಉಪಗ್ರಹಗಳು. ಅವಕ್ಕೆ ತಿಂಗಳಿಗೆ ಎಷ್ಟು ಕೊಡಬೇಕು? ಏನೂ ಇಲ್ಲ, ಪುಕ್ಕಟೆ. ಭಾವ ಯಂತ್ರವನ್ನು ಮೇಜಿನ ಮೇಲಿಟ್ಟರು, ಬಿಸಿ ಪಾತ್ರೆ ಇಟ್ಟ ಹಾಗೆ. “ಆಕಾಶದಲ್ಲಿ ಕೂತು, ಹಗಲೂ ರಾತ್ರಿ, ಗುರುತು ಪರಿಚಯ ಇಲ್ಲದೋರಿಗೆಲ್ಲ ಪುಕ್ಕಟೆ ದಾರಿ ಹೇಳ್ತಾರಾ? ಅವರಿಗೇನು ಸಿಗುತ್ತೆ ಅದರಲ್ಲಿ?”

ಅಂಗಡಿಯವರಿಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅವರು ನನ್ನ ಮುಖ ನೋಡಿದರು, ನಾನು ತೇಲುಡುಪುಗಳನ್ನು ನೋಡಿದೆ. ಕೊನೆಗೆ, ಈ ಯಂತ್ರ ಬರೀ ಕೇಳಿಸಿಕೊಳ್ಳುತ್ತದೆ, ನೀವೆಲ್ಲಿದ್ದೀರಿ ಅಂತ ಯಾರಿಗೂ ಹೇಳುವುದಿಲ್ಲ ಎಂದು ಸಮಾಧಾನ ಹೇಳಿದರು. ಹೇಳದೇ ಇರುವುದನ್ನು ನೀವು ಯಾವಾಗ ನೋಡಿದಿರಿ ಎಂದು ಭಾವ ಕೇಳಿದರು.

ಅಂಗಡಿಯಲ್ಲಿ ಕಡಿಮೆ ಬೆಲೆಯವು ಮೂರು ಬಗೆ ಇದ್ದವು. ಒಂದರಲ್ಲಿ ಬಣ್ಣದ ನಕ್ಷೆ. ಇನ್ನೊಂದು ಬೆರಳು ಸವರಿದರೆ ಸಾಕು ಎನ್ನುವಂಥದು. ಮೂರನೆಯದು ಬೂದು ಪರದೆಯ ದಪ್ಪ ಗುಂಡಿಗಳ ಬಡಪಾಯಿ. ನಕ್ಷೆ ಇಲ್ಲ, ಹೊರಟ ಜಾಗವನ್ನು ಗುರುತು ಹಾಕಿಟ್ಟರೆ ವಾಪಸು ಬರಲು ಒಂದು ಬಾಣವನ್ನೂ ಉಳಿದ ದೂರವನ್ನೂ ತೋರಿಸುತ್ತದೆ, ಅಷ್ಟೇ. ಯಾವುದು ಒಳ್ಳೆಯದು ಎಂದು ಕೇಳಿದರೆ ಅಂಗಡಿಯವರು ಬಡಪಾಯಿಯನ್ನು ತೋರಿಸಿದರು. ಅತಿ ಅಗ್ಗದ್ದನ್ನು ಹೊಗಳುವ ವ್ಯಾಪಾರಿಯನ್ನು ಭಾವ ತಮ್ಮ ಸರ್ವೀಸಿನಲ್ಲೇ ಕಂಡಿರಲಿಲ್ಲ. ಮುಖ ಇನ್ನೂ ಗಂಟಾಯಿತು. ಆಗ ಅಂಗಡಿಯವರು ಹೆದರಿ, ಮೂರನ್ನೂ ಪುಕ್ಕಟೆ ಮನೆಗೆ ಒಯ್ದು ಪರೀಕ್ಷೆ ಮಾಡಿ, ಬೇಡದ್ದನ್ನು ವಾಪಸು ತನ್ನಿ ಎಂದರು. ಪುಕ್ಕಟೆ ಎಂಬ ಮಾತು ಎರಡನೆಯ ಸಲ ಬಂತೆಂದು ಭಾವ ಮೂರರ ಬೆಲೆಯನ್ನೂ ಠೇವಣಿಯಿಟ್ಟು, ರಸೀದಿ ಬರೆಸಿ, ಅದನ್ನು ಬೆಳಕಿಗೆ ಹಿಡಿದು ನೋಡಿ ಹೊರಬಂದರು.

ಮನೆಯಲ್ಲಿ ಬಚ್ಚಲಿನ ಬಕೆಟ್ಟೇ ಸರೋವರವಾಯಿತು. ನೀರು ತಾಗಿದರೂ ಕೆಡುವುದಿಲ್ಲ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದ ಬಣ್ಣದ ನಕ್ಷೆಯದು ತಳಕ್ಕೆ ಹೋಗಿ ಕೂತು ಅಲ್ಲಿಂದಲೇ ಮಿನುಗಿತು. ಕೆಟ್ಟಿರಲಿಲ್ಲ, ನಿಜ. “ಸರೋವರದ ತಳದಲ್ಲಿ ಕೂತು ಮೀನುಗಳಿಗೆ ದಾರಿ ಹೇಳುತ್ತೆ” ಎಂದು ಭಾವ ಅದನ್ನು ಇಕ್ಕಳದಿಂದ ಎತ್ತಿದರು. ಬೆರಳು ಸವರುವುದಕ್ಕೆ ಒದ್ದೆ ಬೆರಳು ಹಿಡಿಸಲಿಲ್ಲ. ಒಂದು ಕೇಳಿದರೆ ಒಂದು ತೆರೆಯಿತು, ಭಾಷೆ ಬದಲಾಯಿಸಿಕೊಂಡಿತು, ಕೊನೆಗೆ ನಮಗ್ಯಾರಿಗೂ ಬಾರದ ಲಿಪಿಯಲ್ಲಿ ಏನೋ ಎಚ್ಚರಿಕೆ ಕೊಟ್ಟಿತು. ಬೂದು ಬಡಪಾಯಿ ಮಾತ್ರ ಬಾತುಕೋಳಿಯ ಹಾಗೆ ತೇಲಿತು. ಬಿಸಿಲಿನಲ್ಲಿ ಹಿಡಿದರೆ ಮೂರರಲ್ಲೂ ಅದರ ಅಕ್ಷರವೇ ಚೆನ್ನಾಗಿ ಕಾಣುತ್ತಿತ್ತು. ಅದಕ್ಕೆ ಗೋಡೆ ಗಡಿಯಾರಕ್ಕೆ ಹಾಕುವಂಥ ಸೆಲ್ಲೇ ಸಾಕು, ಯಾವ ಅಂಗಡಿಯಲ್ಲೂ ಸಿಗುತ್ತದೆ.

ಇನ್ನೇನು, ಅದನ್ನೇ ಇಟ್ಕೊಳ್ಳಿ ಎಂದು ಅಕ್ಕ ಒಳಗಿನಿಂದಲೇ ಹೇಳಿದಳು. ಅವಳು ದನಿಯಲ್ಲಿ ತೋರಿಸದಿದ್ದರೂ, ಅವಳ ಹೆಣಿಗೆಯ ಚೀಲ ಬಾಗಿಲ ಮೊಳೆಗೆ ಆಗಲೇ ಬಂದಿತ್ತು.

ಭಾವ ತಲೆಯಾಡಿಸಿದರು. ತೇಲುವುದು ಗುಣವಲ್ಲ, ಬೆಂಡೂ ತೇಲುತ್ತದೆ. ಹೇಳುವುದು ನಿಜವೇ? ಮೂರನ್ನೂ ಅಂಗಳದ ಕಟ್ಟೆಯ ಮೇಲಿಟ್ಟು ಎದುರಿಗೆ ಕುರ್ಚಿ ಹಾಕಿಕೊಂಡು ಕೂತರು. ಇಟ್ಟಲ್ಲಿಂದ ಕದಲದ ಯಂತ್ರಗಳು ತಾವು ಆಚೀಚೆ ಸರಿಯುತ್ತಿರುವುದಾಗಿ ಹೇಳತೊಡಗಿದವು. ಜೊತೆಗೆ, ಐದಾರು ಮೀಟರು ಹೆಚ್ಚುಕಡಿಮೆ ಇರಬಹುದು ಎಂದು ಪರದೆಯ ಮೇಲೆಯೇ ಬರೆದುಕೊಂಡಿದ್ದವು. ತನ್ನ ತಪ್ಪನ್ನು ಎದೆಯ ಮೇಲೆ ಬರೆದುಕೊಂಡು ಬರುವ ತಕ್ಕಡಿಯನ್ನು ಭಾವ ಕಂಡವರಲ್ಲ. ಅರ್ಧ ಗಂಟೆ ಅವರಿಗೆ ಅವುಗಳ ಮೇಲೆ ಗೌರವವೇ ಬಂದಿತ್ತು. ಆಮೇಲೆ, ಸಣ್ಣ ತಪ್ಪು ಒಪ್ಪಿಕೊಳ್ಳುವವನು ದೊಡ್ಡದನ್ನು ಮುಚ್ಚಿಡುತ್ತಿರುತ್ತಾನೆ ಎಂಬ ಇಲಾಖೆಯ ಅನುಭವ ನೆನಪಾಯಿತು.

ಇದಕ್ಕೆಲ್ಲ ಬೇಕಾದದ್ದು ಒಂದು ಮಾದರಿ ಬೊಟ್ಟು. ತೂಕಕ್ಕೆ ಹಿತ್ತಾಳೆಯದಿರುವ ಹಾಗೆ, ಜಾಗಕ್ಕೆ ಸರ್ಕಾರ ಒಪ್ಪಿದ ಒಂದು ಜಾಗ. ಊರಿನಲ್ಲಿ ಅಂಥದೊಂದು ಇತ್ತು. ನೀರಿನ ಟ್ಯಾಂಕಿನ ಗುಡ್ಡದ ನೆತ್ತಿಯಲ್ಲಿ ಹಳೆಯ ಸರ್ವೆ ಕಂಬ. ಅದರ ಮೇಲೆ ಹಿತ್ತಾಳೆಯ ಫಲಕ, ಫಲಕದ ಮೇಲೆ ಅಕ್ಷಾಂಶ ರೇಖಾಂಶದ ಅಂಕಿಗಳು, ಕೆಳಗೆ ಮೊಹರು. ಹಿತ್ತಾಳೆಯನ್ನೂ ಮೊಹರನ್ನೂ ಒಟ್ಟಿಗೆ ಕಂಡ ಭಾವನ ಕಣ್ಣಿನಲ್ಲಿ, ತವರು ಮನೆ ಕಂಡ ಮಗಳ ಕಣ್ಣಿನ ಹೊಳಪು ಬಂತು. ಫಲಕವನ್ನು ಕರವಸ್ತ್ರದಿಂದ ಒರೆಸಿ, ಅಂಕಿಗಳನ್ನು ಮೊದಲ ಯಂತ್ರಕ್ಕೆ ತುಂಬಿ, ಈಗ ಈ ಕಂಬಕ್ಕೆ ದಾರಿ ಹೇಳು ಎಂದರು. ಕಂಬಕ್ಕೆ ಹೊಟ್ಟೆ ತಾಗಿಸಿಕೊಂಡೇ ನಿಂತಿದ್ದರು. ಬಾಣ ಕಂಬವನ್ನು ಬಿಟ್ಟು ಗುಡ್ಡದ ಕೆಳಕ್ಕೆ ತೋರಿಸಿತು.

ಭಾವ ಬಾಣದ ಹಿಂದೆ ನಡೆದರು, ನಾನು ಭಾವನ ಹಿಂದೆ. ಮುಳ್ಳುಪೊದೆ ದಾಟಿ, ಮುರಿದ ಬೇಲಿ ದಾಟಿ, ನಾವು ಒಂದು ಲಾಂಡ್ರಿಯ ಹಿತ್ತಿಲಿಗೆ ಬಂದೆವು. ಸಾಲು ಸಾಲು ಬಿಳಿ ಹಾಸಿಗೆ ಬಟ್ಟೆಗಳು ಒಣಗುತ್ತಿದ್ದವು. ಅವುಗಳ ನಡುವೆ ಒಂದು ಕಡೆ ನಿಂತಾಗ ಯಂತ್ರ, ತಲುಪಿದಿರಿ ಎಂದಿತು. ಲಾಂಡ್ರಿಯಾಕೆ ಬಟ್ಟೆ ಸರಿಸಿ ನೋಡಿದಳು. ಭಾವ ವಾಪಸು ಹೊರಟರು.

ಎರಡನೆಯ ಯಂತ್ರ ಹಿಡಿದು ಮತ್ತೆ ಕಂಬದಿಂದ ಹೊರಟೆವು. ಅದೇ ಪೊದೆ, ಅದೇ ಬೇಲಿ, ಅದೇ ಹಾಸಿಗೆ ಬಟ್ಟೆ. ಈ ಸಲ ಆಕೆ ಕೆಲಸ ಬಿಟ್ಟು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಮೂರನೆಯ ಸಲ ಬೂದು ಬಡಪಾಯಿಯ ಜೊತೆ ಇಳಿದಾಗ ಆಕೆಯ ಕೈಯಲ್ಲಿ ಬಟ್ಟೆ ಎತ್ತಿ ಹಿಡಿಯುವ ಬಿದಿರಿನ ಗಳು ಇತ್ತು.

“ಯಾವತ್ತೂ ಇಲ್ದೋರು ಇವತ್ತು ಮೂರ್ಮೂರು ಸಲ ಏನ್ರೀ ನೋಡೋಕೆ ಬರ್ತಿದ್ದೀರಿ?”

ಭಾವ ಸರ್ಕಾರಿ ಗತ್ತಿನಲ್ಲಿ, ಇದು ನಿಮ್ಮ ಹಿತ್ತಿಲಲ್ಲ, ಯಂತ್ರದ ಪ್ರಕಾರ ಇದು ಗುಡ್ಡದ ನೆತ್ತಿ ಎಂದು ವಿವರಿಸಿದರು. ಆಕೆ ಗಳುವನ್ನು ಎರಡೂ ಕೈಯಲ್ಲಿ ಹಿಡಿದಳು. ಇಬ್ಬರು ಅನುಮಾನದವರು ಎದುರುಬದುರಾದಾಗ ಕೈಯಲ್ಲಿ ಗಳು ಇದ್ದವರದೇ ಮೇಲುಗೈ. ನಾವು ಬೇಲಿ ದಾಟಿದ್ದನ್ನು ನಡೆದದ್ದು ಎಂದು ಹೇಳಲಾರೆ.

ಮನೆ ಮುಟ್ಟುವ ಹೊತ್ತಿಗೆ ಭಾವನ ತೀರ್ಪು ಸಿದ್ಧವಾಗಿತ್ತು. ಮೂರು ಕಂಪನಿಗಳೂ ಒಳಗೊಳಗೇ ಸೇರಿಕೊಂಡಿವೆ. ಅಂಗಡಿಯವನೂ ಅದರಲ್ಲಿದ್ದಾನೆ, ಅದಕ್ಕೇ ಮೂರನ್ನೂ ಕೊಟ್ಟು ಕಳಿಸಿದ. ಯಾವುದನ್ನು ಆರಿಸಿದರೂ ಒಂದೇ ಮೋಸ ಸಿಗಲಿ ಎಂದು. ನಾಳೆಯೇ ಮೂರನ್ನೂ ಅವನ ಮುಖಕ್ಕೆ ಹಿಡಿಯುತ್ತೇನೆ. ದೋಣಿ ಹಲ್ಲಿನ ಡಾಕ್ಟರಿಗೆ ಹೋದರೆ ಹೋಗಲಿ. ಈ ಕೊನೆಯ ಮಾತು ಹೇಳುವಾಗ ಅವರು ಅಕ್ಕನ ಕಡೆ ನೋಡಲಿಲ್ಲ, ಕೈಯಲ್ಲಿದ್ದ ಯಂತ್ರವನ್ನು ನೋಡಿಕೊಂಡರು. ಪರವಾನಗಿ ಮುಗಿಯಲು ಇನ್ನು ಹೆಚ್ಚು ದಿನ ಇರಲಿಲ್ಲ.

ಅಕ್ಕ ಊಟದ ಮೇಜು ಒರೆಸುತ್ತಿದ್ದಳು. ಮೂರೂ ಒಂದೇ ಕಡೆಗೆ ತೋರಿಸಿದವೇ ಎಂದು ಕೇಳಿದಳು. ಒಂದೇ ಕಡೆಗೆ, ಒಂದೇ ಹಿತ್ತಿಲಿಗೆ, ಹೆಚ್ಚುಕಡಿಮೆ ಒಂದೇ ಹಾಸಿಗೆ ಬಟ್ಟೆಯ ಕೆಳಕ್ಕೆ ಎಂದು ನಾನು ಸಾಕ್ಷಿ ಹೇಳಿದೆ. ಅವಳು ಒರೆಸುವುದನ್ನು ನಿಲ್ಲಿಸದೆ ಭಾವನನ್ನು ಕೇಳಿದಳು: “ನೀವು ಡ್ಯೂಟಿಯಲ್ಲಿದ್ದಾಗ, ಒಂದು ಬೀದಿಯ ಅಂಗಡಿಗಳೆಲ್ಲ ಒಂದೇ ಸಮ, ಒಂದೇ ತೂಕ ಕಡಿಮೆ ತೋರಿಸಿದ್ರೆ ಯಾರ ಮೇಲೆ ಅನುಮಾನ ಪಡ್ತಿದ್ರಿ?”

“ನನ್ನ ಬೊಟ್ಟಿನ ಮೇಲೆ” ಎಂದರು ಭಾವ, ಯೋಚನೆಯನ್ನೇ ಮಾಡದೆ. “ಕಳ್ಳರು ಒಂದೇ ಅಳತೆಗೆ ಕದಿಯಲ್ಲ ಕಣೇ. ಒಬ್ಬೊಬ್ಬನ ಆಸೆ ಒಂದೊಂದು ತೂಕ. ಎಲ್ಲರೂ ಕೂದಲೆಳೆಯಷ್ಟೂ ತಪ್ಪದೆ ಒಂದೇ ಥರ ತಪ್ಪಿದರೆ, ಬೊಟ್ಟು ಸವೆದಿದೆ ಅಂತ ಅರ್ಥ.”

ಹೇಳಿ ಮುಗಿಸಿದ ಮೇಲೆ ತಾವು ಹೇಳಿದ್ದು ಅವರಿಗೇ ಕೇಳಿಸಿತು. ಅಕ್ಕ ಬಟ್ಟೆ ಹಿಂಡಲು ಒಳಗೆ ಹೋದಳು. ಅಂಗಡಿಯವನು, ಕಂಪನಿಗಳು, ಉಪಗ್ರಹಗಳು, ಮೀನು ಹಿಡಿಯುವವನು, ನರ್ಸಮ್ಮನ ಯಂತ್ರ, ಜಗತ್ತಿನಲ್ಲಿ ಅವರು ಅನುಮಾನಿಸದೆ ಬಿಟ್ಟದ್ದು ಹಿತ್ತಾಳೆಯೊಂದನ್ನೇ.

ಮರುದಿನ ಅಂಗಡಿಗೆ ಹೋಗುವ ಬದಲು ಸರ್ವೆ ಕಚೇರಿಗೆ ಹೋದೆವು. ಅಲ್ಲಿನ ಅಧಿಕಾರಿ ನಗುಮುಖದ ಹೆಂಗಸು. ಭಾವನ ದೂರನ್ನು ಕೇಳಿ, ಆ ಕಂಬದ ಫಲಕ ಸುಳ್ಳಲ್ಲ, ಹಳತು ಎಂದರು. ಭೂಮಿ ಪೂರ್ತಿ ಗುಂಡಗಿಲ್ಲವಂತೆ. ಹಳಬರು ಅದರ ಆಕಾರವನ್ನು ಒಂದು ಥರ ಇಟ್ಟುಕೊಂಡು ಲೆಕ್ಕ ಹಾಕಿದರು, ಈಗಿನವರು ಇನ್ನೊಂದು ಥರ. ಕಂಬ ಇದ್ದಲ್ಲೇ ಇದೆ, ಅಂಕಿ ಮಾತ್ರ ಸರಿದುಕೊಂಡಿದೆ. ಯಂತ್ರದಲ್ಲಿ ಎರಡು ಲೆಕ್ಕವೂ ಇರುತ್ತದೆ, ಯಾವುದು ಬೇಕೋ ಅದನ್ನು ಹೇಳಬೇಕು ಎಂದು ಬಡಪಾಯಿಯ ಗುಂಡಿ ಒತ್ತಿ ತೋರಿಸಿದರು. ಭಾವ ಕೇಳಿದ್ದು ಒಂದೇ ಪ್ರಶ್ನೆ: ಹಾಗಾದರೆ ಆ ಫಲಕವನ್ನು ಯಾಕೆ ಕಿತ್ತಿಲ್ಲ? ಯಾರೂ ಕೇಳಿರಲಿಲ್ಲ ಸಾರ್ ಎಂದರು ಆಕೆ. ಅದೊಂದು ಉತ್ತರದಲ್ಲಿ ಭಾವನಿಗೆ ತಮ್ಮ ಇಲಾಖೆಯ ವಾಸನೆ ಬಂದಿರಬೇಕು.

ಗುಡ್ಡಕ್ಕೆ ಮತ್ತೆ ಹತ್ತಿದೆವು. ಹಳೆಯ ಲೆಕ್ಕಕ್ಕೆ ತಿರುಗಿಸಿದ ಮೇಲೆ ಮೂರು ಯಂತ್ರಗಳೂ ಕಂಬವನ್ನು ತೋರಿಸಿದವು. ಕೆಳಗೆ ಹಿತ್ತಿಲಿನಿಂದ ಲಾಂಡ್ರಿಯಾಕೆ ಕಣ್ಣಿಗೆ ಕೈ ಅಡ್ಡ ಹಿಡಿದು ನಮ್ಮನ್ನೇ ನೋಡುತ್ತಿದ್ದಳು. ಭಾವ ಅವಳಿಗೆ ನಮಸ್ಕಾರ ಮಾಡಿದರು. ಅವಳು ಮಾಡಲಿಲ್ಲ.

ಬೂದು ಬಡಪಾಯಿ ಮನೆಯಲ್ಲಿ ಉಳಿಯಿತು. ಉಳಿದೆರಡು ವಾಪಸು ಹೋದವು. ನೀವು ಹೇಳಿದ್ದೇ ಸರಿಯಿತ್ತು ಎಂದು ಅಂಗಡಿಯವರಿಗೆ ಹೇಳುವಂತೆ ಅಕ್ಕ ಕಳಿಸಿದ್ದಳು. ಭಾವ ಅಂಗಡಿಯಲ್ಲಿ ನಿಂತು ಗಂಟಲು ಸರಿಮಾಡಿಕೊಂಡು, ಆ ಗಜಕೋಲು ಬದಲಾಯಿಸಿ, ತುದಿ ಸವೆದಿದೆ ಎಂದು ಹೇಳಿ ಬಂದರು. ಅವರ ಭಾಷೆಯಲ್ಲಿ ಅದು ಕೃತಜ್ಞತೆ.

ಆದರೆ ಅಕ್ಕನ ಶರತ್ತಿನಲ್ಲಿ ಕೊಳ್ಳುವುದು ಅರ್ಧ, ಕೇಳುವುದು ಇನ್ನರ್ಧ. ಪರವಾನಗಿ ಮುಗಿಯುವ ಮುಂಚಿನ ಕೊನೆಯ ಭಾನುವಾರ ಅವಳು ದೋಣಿ ಹತ್ತಿದಳು. ಸಾಕ್ಷಿಗೆ ಇರಲಿ ಎಂದು ನನ್ನನ್ನೂ ಮೂತಿಯ ಕಡೆ ಕೂರಿಸಿದಳು. ಹೊರಡುವ ಮುಂಚೆ ಭಾವ ಕಟ್ಟೆಯ ಗುರುತನ್ನು ಯಂತ್ರಕ್ಕೆ ಹಾಕಿದರು, ಸರಿಯಾಗಿ ಬಿದ್ದಿದೆಯೇ ಎಂದು ಮತ್ತೆ ನೋಡಿದರು, ಮತ್ತೆ ಹಾಕಿದರು. ನಡುಗಡ್ಡೆ ದಾಟುವವರೆಗೆ ಆಕಾಶ ಚೆನ್ನಾಗಿತ್ತು. ಭಾವ ಒಂದು ಕಥೆ ಶುರುಮಾಡಿದ್ದರು. ಪ್ಯಾಕೆಟ್ಟಿನಲ್ಲಿ ಗಾಳಿ ತುಂಬಿ ಮಾರುತ್ತಿದ್ದವನ ಕಥೆ. ಅಕ್ಕ ಅದನ್ನು ಎಷ್ಟು ಸಲ ಕೇಳಿದ್ದಳೋ, ಹೂಂಗುಟ್ಟುತ್ತಿದ್ದಳು. ಕಥೆಯ ನಡುವೆ ನಡುಗಡ್ಡೆಯ ಮರಗಳು ಮಾಸಿದವು. ನೋಡನೋಡುತ್ತ ನನಗೆ ಭಾವನ ಮುಖ ಕಾಣುತ್ತಿತ್ತು, ಅವರ ಹಿಂದೆ ಏನೂ ಕಾಣುತ್ತಿರಲಿಲ್ಲ.

ಎಂಜಿನ್ನು ನಿಧಾನ ಮಾಡಿ ಭಾವ ಯಂತ್ರ ತೆಗೆದರು. ಕಟ್ಟೆಯತ್ತ ಬಾಣ ಬಲಕ್ಕೆ, ಅದೂ ಸ್ವಲ್ಪ ಹಿಂದಕ್ಕೆ ತೋರಿಸಿತು. ಭಾವ ಎಡಕ್ಕೆ ನೋಡಿದರು. ಬರುವಾಗ ಗಾಳಿ ಬಲಗೆನ್ನೆಗಿತ್ತು, ವಾಪಸು ಹೋಗುವಾಗ ಎಡಗೆನ್ನೆಗಿರಬೇಕು, ಹಾಗಾಗಿ ಕಟ್ಟೆ ಎಡಕ್ಕೆ ಎಂಬುದು ಅವರ ಲೆಕ್ಕ. ಗಾಳಿ ತಿರುಗಿರಬಹುದು ಎಂದು ಗಾಳಿಯ ಮೇಲೆ ಅನುಮಾನ ಪಡಲು ಅವರಿಗೆ ತೋಚಲಿಲ್ಲ. ಸೆಲ್ಲು ತೆಗೆದು, ಅಂಗಿಗೆ ಉಜ್ಜಿ, ಮತ್ತೆ ಹಾಕಿದರು. ಯಂತ್ರ ಸ್ವಲ್ಪ ಹೊತ್ತು ಆಕಾಶವನ್ನು ಹುಡುಕಿ, ಮತ್ತೆ ಬಲಕ್ಕೇ ತೋರಿಸಿತು.

ನಿನಗೇನನ್ನಿಸುತ್ತೆ ಎಂದು ನನ್ನನ್ನು ಕೇಳಿದರು. ಸತ್ಯ ಹೇಳಬೇಕೆಂದರೆ ನನಗೂ ಎಡಕ್ಕೇ ಅನ್ನಿಸಿತ್ತು, ಹಾಗೆಯೇ ಹೇಳಿದೆ.

“ಅವನನ್ನೇನು ಕೇಳ್ತೀರಿ?” ಎಂದಳು ಅಕ್ಕ. “ಅವನು ಮೂವತ್ತು ವರ್ಷದಿಂದ ಅದೇ ಬಸ್ಸಿನಲ್ಲಿ ಹೋಗಿ ಇನ್ನೂ ಮುಂದಿನ ಸ್ಟಾಪಿನಲ್ಲಿ ಇಳೀತಾನೆ.”

ಹೆಣಿಗೆಯ ಕಡ್ಡಿಗಳು ನಿಂತಿದ್ದವು. ಬಲಕ್ಕೆ ಹಿಡೀರಿ ಎಂದು ಅವಳು ಹೇಳಿದ್ದರೆ ಭಾವ ಹಿಡಿಯುತ್ತಿದ್ದರೋ ಏನೋ, ಆದರೆ ಆಗ ಅವರು ಕೇಳಿದ್ದು ಅವಳ ಮಾತಾಗುತ್ತಿತ್ತು, ಯಂತ್ರದ್ದಲ್ಲ. ಅವಳು ತುಟಿ ಬಿಗಿಹಿಡಿದು ನೀರು ನೋಡುತ್ತ ಕೂತಳು. ದೋಣಿ ಮೆಲ್ಲಗೆ ತಾನೇ ಒಂದು ಸುತ್ತು ತಿರುಗಿತು. ಬಾಣವೂ ಅದರ ಜೊತೆ ತಿರುಗಿ, ತನ್ನ ಹಟದ ಜಾಗವನ್ನೇ ಹಿಡಿಯಿತು.

ಭಾವ ದೋಣಿಯನ್ನು ಬಲಕ್ಕೆ ತಿರುಗಿಸಿದರು. ಸುಳ್ಳು ಸಾಕ್ಷಿಗೆ ಸಹಿ ಹಾಕುವವನ ಮುಖ ಹೇಗಿರುತ್ತದೋ ಹಾಗಿತ್ತು ಅವರ ಮುಖ. ಎಂಜಿನ್ನು ಗೊಣಗಿತು. ಯಂತ್ರದ ಪರದೆಯ ಮೇಲೆ ದೂರ ಕರಗುತ್ತ ಬಂತು, ಭಾವ ಅದನ್ನು ಅಂಗಡಿಯವನ ಕೈ ನೋಡುವ ಹಾಗೆ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ನಾನು ಮುಂದೆ ಬಾಗಿ ಜೊಂಡು ಬರುತ್ತದೇನೋ ಎಂದು ಕಾಯುತ್ತಿದ್ದೆ. ಜೊಂಡು ಬರಲಿಲ್ಲ. ಮಂಜಿನೊಳಗಿಂದ ಮೊದಲು ಕೆಂಪು ಗೂಟವೊಂದು ಬಂತು, ಆಮೇಲೆ ಯಾರದೋ ಕೆಮ್ಮು, ಆಮೇಲೆ ಕಟ್ಟೆಯ ಹಲಗೆಗಳು.

ದೋಣಿ ಹಲಗೆಗೆ ತಾಗುವ ಮುಂಚೆಯೇ ಯಂತ್ರ, ತಲುಪಿದಿರಿ ಎಂದಿತು.

“ನಾಲ್ಕು ಮೀಟರ್ ಕಡಿಮೆ ತೂಗ್ತು” ಎಂದರು ಭಾವ.

ಕೆಮ್ಮಿದವರು ಹಲ್ಲಿನ ಡಾಕ್ಟರು. ಪರವಾನಗಿಯ ವಿಷಯ ಅವರಿಗೂ ತಿಳಿದಿರಬೇಕು, ಮಫ್ಲರು ಸುತ್ತಿಕೊಂಡು ಕಟ್ಟೆಯ ಮೇಲೆ ಕಾಯುತ್ತಿದ್ದರು. ಅಕ್ಕ ಹಗ್ಗದ ತುದಿಯನ್ನು ಅವರ ಕೈಗೇ ಎಸೆದು, ಗೂಟಕ್ಕೆ ಕಟ್ಟಿ ಡಾಕ್ಟ್ರೇ, ಗಟ್ಟಿಯಾಗಿ ಕಟ್ಟಿ, ನಾಳೆ ಪರವಾನಗಿ ಮುಂದುವರಿಸ್ತೀವಿ ಎಂದಳು. ಡಾಕ್ಟರು ಬಾಯಿ ತೆರೆದರು, ಏನೂ ಹೇಳಲಾಗಲಿಲ್ಲ. ಕಟ್ಟಿದರು.

ಭಾವ ಯಂತ್ರವನ್ನು ಕರವಸ್ತ್ರದಲ್ಲಿ ಸುತ್ತುತ್ತಿದ್ದರು. ನಂಬಿಕೆ ಬಂತಾ ಭಾವ ಎಂದು ಕೇಳಬಾರದಿತ್ತು, ಕೇಳಿಬಿಟ್ಟೆ.

“ಹೊಸ ಗಿರಾಕಿಗೆ ಮೊದಲ ವಾರ ಎಲ್ಲರೂ ಸರಿಯಾಗೇ ತೂಗ್ತಾರೆ” ಎಂದರು. “ಆಮೇಲೆ ನೋಡ್ಬೇಕು.”

“ನೋಡೋಣ” ಎಂದಳು ಅಕ್ಕ, ಅವರ ಕೈ ಹಿಡಿದು ಕಟ್ಟೆಗೆ ಹತ್ತುತ್ತ. “ಮುಂದಿನ ಭಾನುವಾರ ಸ್ವಲ್ಪ ದೂರ ಹೋಗೋಣ. ಅಷ್ಟು ದೂರ ಇದ್ರೆ ಆ ಗಾಳಿ ಪ್ಯಾಕೆಟ್ಟಿನ ಕಥೆ ಮುಗಿಯುತ್ತೆ.”